ನೋರಿಯ ಮೊದಲ ಗಂಡ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನೋರಿ ಲೇಹಿಯ ಮದುವೆಗೆ ಅಷ್ಟೆಲ್ಲ ಬೇಕಾಗಲಿಲ್ಲ, ಎರಡೇ ಎರಡು ಸಾಕಾದವು. ಒಂದನ್ನು ಅವಳೇ ಹಡಗಿನಲ್ಲಿ ಹೇಳಿದ್ದಳು. ಇನ್ನೊಂದನ್ನು ಅವಳ ಗಂಡ ಕಾಗದದ ಮೇಲೆ ಬರೆಸಿದ್ದ.

ಐರ್ಲೆಂಡಿನ ಲಿಮರಿಕ್ ಪೇಟೆಯ ಅಂಗಡಿಯೊಂದರಲ್ಲಿ ಫ್ಲಾನಲ್ ಬಟ್ಟೆಯ ಒಂದು ಸುರುಳಿಯನ್ನು ಶಾಲಿನೊಳಗೆ ಅಡಗಿಸಿಕೊಂಡು ಹೊರಟಾಗ ನೋರಿಗೆ ಹತ್ತೊಂಬತ್ತು ವರ್ಷ. ಮನೆಯಲ್ಲಿ ತಾಯಿ ಚಳಿಗೆ ಕೆಮ್ಮುತ್ತಿದ್ದಳು. ಅಂಗಡಿಯ ಬಾಗಿಲು ದಾಟುವ ಮೊದಲೇ ನೋರಿ ಸಿಕ್ಕಿಬಿದ್ದಳು. ನ್ಯಾಯಾಧೀಶ ಏಳು ವರ್ಷ ಕೊಟ್ಟ. ಏಳು ವರ್ಷ ಎಂದರೆ ಕೈದಿಗಳನ್ನು ಹಡಗು ಹತ್ತಿಸಿ ಕಳಿಸುತ್ತಿದ್ದ ನಮ್ಮ ನ್ಯೂ ಸೌತ್ ವೇಲ್ಸ್ ಎಂದೇ ಆಗ ಅರ್ಥ. ತಾಯಿ ಎಷ್ಟು ದಿನ ಕೆಮ್ಮಿದಳು, ಯಾವಾಗ ನಿಲ್ಲಿಸಿದಳು ಎಂಬುದು ಮಗಳಿಗೆ ಕೊನೆಗೂ ಗೊತ್ತಾಗಲಿಲ್ಲ.

ಹಡಗಿನಲ್ಲಿ ಗುಮಾಸ್ತನೊಬ್ಬ ದೊಡ್ಡ ಪಟ್ಟಿ ಹಿಡಿದು ಒಬ್ಬೊಬ್ಬಳನ್ನೇ ಕರೆದು ಬರೆದುಕೊಳ್ಳುತ್ತಿದ್ದ. ಅದಕ್ಕೆ ಮೊದಲು ಎರಡನೇ ಸಲ ಜೈಲು ಕಂಡ ಹೆಂಗಸೊಬ್ಬಳು ನೋರಿಯ ಕಿವಿಯಲ್ಲಿ ಊದಿದಳು: "ಮದ್ವೆ ಆಗಿಲ್ಲ ಅನ್ಬೇಡ ಕಣೆ. ಆಗಿಲ್ದೋರನ್ನ ಕಾಡೊಳಗೆ ಕಳಿಸಿ ಯಾವನಿಗೋ ಗಂಟು ಹಾಕ್ತಾರಂತೆ. ಗಂಡ ಇದಾನೆ ಅನ್ನು, ಪಟ್ಟಣದಲ್ಲೇ ಇಟ್ಕೋತಾರೆ." ಇದರಲ್ಲಿ ಎಳ್ಳಷ್ಟೂ ನಿಜವಿರಲಿಲ್ಲ. ಆದರೂ ಆ ಹಡಗಿನಲ್ಲಿ ಕನ್ಯೆಯರೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುತ್ತೈದೆಯರಾದರು.

"ಗಂಡನ ಹೆಸರು?" ಎಂದ ಗುಮಾಸ್ತ.

ನೋರಿ ಅಷ್ಟು ದೂರ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ತಮ್ಮ ಬೀದಿಯ ಕಲಾಯಿಗಾರನ ಕತ್ತೆಯ ಹೆಸರು. "ಡಾರ್ಬಿ," ಎಂದಳು.

"ಬದುಕಿದಾನಾ?"

"ಇದಾನೆ."

"ಏನ್ ಕೆಲಸ?"

"ಹೊರೆ ಹೊರೋದು."

ಗುಮಾಸ್ತ ಹಮಾಲಿ ಎಂದು ಬರೆದುಕೊಂಡ. ಹಡಗಿನ ಕೆಳಗಿನ ಅಂತಸ್ತಿನಲ್ಲಿ ಇದನ್ನು ಕೇಳಿ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೋರಿಯೂ ನಕ್ಕಳು.

ಸಿಡ್ನಿಯಲ್ಲಿ ಎರಡು ವರ್ಷ ಒಬ್ಬರ ಮನೆಯಲ್ಲಿ ಕೈದಿ ಆಳಾಗಿ ಪಾತ್ರೆ ಉಜ್ಜಿದಳು. ಒಡತಿಗೆ ಒಂದು ದಿನ ಎದುರು ಮಾತಾಡಿದಳೆಂದು ಅಲ್ಲಿಂದ ಹೆಂಗಸರ ಫ್ಯಾಕ್ಟರಿಗೆ ತಳ್ಳಿದರು. ಹೆಸರಿಗೆ ಫ್ಯಾಕ್ಟರಿ, ಉಣ್ಣೆ ನೂಲುವುದೂ ಉಂಟು. ಆದರೆ ಜೈಲು, ಬಾಣಂತಿ ಕೋಣೆ, ಹೆಣ್ಣು ನೋಡುವ ಚಾವಡಿ ಎಲ್ಲವೂ ಅದೇ ಗೋಡೆಯೊಳಗೆ. ಮದುವೆಗೆ ಸರ್ಕಾರದ ಅಪ್ಪಣೆ ಚೀಟಿ ಹಿಡಿದು ಬಂದ ಗಂಡಸಿಗೆ ಒಳ್ಳೆ ನಡತೆಯ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದರು. ಅವನು ಆರಿಸಿಕೊಳ್ಳಬಹುದು. ಇವಳು ಒಲ್ಲೆ ಎನ್ನಲೂಬಹುದು. ಒಲ್ಲೆ ಎಂದರೆ ಗೋಡೆಯೊಳಗೇ ಉಳಿಯಬೇಕು.

ಸೈಲಸ್ ಪ್ರೌಟ್ ಹಾಗೆ ಬಂದವನು. ಅವನೂ ಒಂದು ಕಾಲಕ್ಕೆ ಕೋಳ ಹಾಕಿಸಿಕೊಂಡು ಬಂದವನೇ; ಶಿಕ್ಷೆ ಮುಗಿಸಿ ಹಾಕ್ಸ್‌ಬರಿ ಹೊಳೆಯ ದಂಡೆಯಲ್ಲಿ ಮೂವತ್ತು ಎಕರೆ ಜೋಳ, ಒಂದಿಷ್ಟು ಹಂದಿ ಇಟ್ಟುಕೊಂಡಿದ್ದ. ಸಾಲಿನಲ್ಲಿ ಎಲ್ಲರ ಮುಖ ಬಿಟ್ಟು ಕೈ ನೋಡಿಕೊಂಡು ಬಂದ. ನೋರಿಯ ಮುಂದೆ ನಿಂತ.

"ಹಾಲು ಕರಿಯಾಕೆ ಬರುತ್ತಾ?"

"ಬರುತ್ತೆ."

"ಕುಡೀತೀಯಾ?"

"ಹಾಲಾ?"

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಇಷ್ಟು ಚೆನ್ನಾಗಿ ನಗುವವನು ಕೆಟ್ಟವನಿರಲಾರ ಎಂದುಕೊಂಡಳು ನೋರಿ. ಈ ತಪ್ಪು ನಮ್ಮ ಕಡೆಯದೊಂದೇ ಅಲ್ಲ, ಎಲ್ಲ ಊರಿನ ಹೆಂಗಸರೂ ಮಾಡುತ್ತಾರೆ. ನಮ್ಮ ಈ ಕೈದಿ ನಾಡಿಗೇ ಮೀಸಲಾದ ತಪ್ಪು ಪಾದ್ರಿಯ ಮೇಜಿನ ಮೇಲೆ ಕಾದಿತ್ತು.

ಪಾದ್ರಿ ಹಡಗಿನ ಪಟ್ಟಿ ಬಿಡಿಸಿ ನೋಡಿ ತಲೆ ಅಲ್ಲಾಡಿಸಿದ. "ಈಕೆಗೆ ಊರಲ್ಲಿ ಗಂಡ ಇದ್ದಾನಲ್ಲಪ್ಪ. ಡಾರ್ಬಿ. ಹಮಾಲಿ. ಅವನು ಸತ್ತ ಅನ್ನೋದಕ್ಕೆ ಕಾಗದ ತರದೆ ಮದುವೆ ಮಾಡೋ ಹಾಗಿಲ್ಲ."

ಹೊರಗೆ ಬಂದು ನೋರಿ ಅಳುತ್ತಾ ಕತ್ತೆಯ ಕಥೆ ಹೇಳಿದಳು. ಸೈಲಸ್ ಮತ್ತೆ ನಕ್ಕ. "ಅಳ್ಬೇಡ ಬಿಡು. ಆ ಕತ್ತೆ ಇನ್ನೆಷ್ಟು ದಿನ ಬದುಕ್ತಾನೆ ನಾನೂ ನೋಡ್ತೀನಿ," ಎಂದ.

ಮೂರನೇ ವಾರಕ್ಕೆ ಕಾಗದ ಬಂತು. ಡಾರ್ಬಿ ಎಂಬ ಹಮಾಲಿ ಜ್ವರ ಬಂದು ತೀರಿಕೊಂಡನೆಂದೂ, ಸಾಯುವಾಗ ಹೆಂಡತಿಯನ್ನು ಕ್ಷಮಿಸಿದನೆಂದೂ ಅದರಲ್ಲಿತ್ತು. ಐರ್ಲೆಂಡಿಗೆ ಒಂದು ಪತ್ರ ಹೋಗಿ ಉತ್ತರ ಬರಲು ಹತ್ತು ತಿಂಗಳು ಹಿಡಿಯುತ್ತಿದ್ದ ಕಾಲ. ಇದು ರೆಕ್ಕೆ ಕಟ್ಟಿಕೊಂಡು ಹಾರಿ ಬಂದಿರಬೇಕು. ಪೇಟೆಯ ಕೋರ್ಟಿನ ಹೊರಗೆ ಕೂತು ಅರ್ಜಿ ಬರೆಯುವವನೊಬ್ಬ ಒಂದು ಬಾಟಲಿ ರಮ್ಮಿಗೆ ಅದನ್ನು ಬರೆದುಕೊಟ್ಟಿದ್ದ. ಕ್ಷಮೆಯ ಸಾಲು ಅವನೇ ಪುಕ್ಕಟೆಯಾಗಿ ಸೇರಿಸಿದ್ದು. ಪಾದ್ರಿ ತಾರೀಖು ನೋಡಲಿಲ್ಲ, ನೋಡಿದರೂ ಸುಮ್ಮನಾದ. ಮುಂದಿನ ಭಾನುವಾರದ ಹೊತ್ತಿಗೆ ನೋರಿ ಮಿಸೆಸ್ ಪ್ರೌಟ್ ಆದಳು.

ಮದುವೆಯ ಕಾಗದದ ಜೊತೆಗೆ ಇನ್ನೊಂದು ಕಾಗದವೂ ಸೈಲಸ್‌ನ ಕೈ ಸೇರಿತು. ನೋರಿಯ ಶಿಕ್ಷೆ ಇನ್ನೂ ಮುಗಿದಿರಲಿಲ್ಲವಲ್ಲ; ಅವಳನ್ನು ಸರ್ಕಾರ ಅವನಿಗೆ ಕೈದಿ ಆಳಾಗಿ ಒಪ್ಪಿಸಿತ್ತು. ಗಂಡನೂ ಅವನೇ, ಧಣಿಯೂ ಅವನೇ. ಹೇಳಿದ ಮಾತು ಕೇಳದಿದ್ದರೆ ಕೋರ್ಟಿಗೆ ಎಳೆದುಕೊಂಡು ಹೋಗಿ ಫ್ಯಾಕ್ಟರಿಗೆ ವಾಪಸು ಕೊಡಬಹುದು. ಹಿಡಿಸದ ಬೂಟನ್ನು ಅಂಗಡಿಗೆ ವಾಪಸು ಕೊಟ್ಟ ಹಾಗೆ.

ಮೊದಲ ವರ್ಷ ಚೆನ್ನಾಗಿಯೇ ಇತ್ತು ಎನ್ನಬೇಕು. ಮಗಳು ಹುಟ್ಟಿದಳು, ಎಸ್ತರ್ ಎಂದು ಹೆಸರಿಟ್ಟರು, ಎಸ್ತಿ ಎಂದು ಕರೆದರು. ಊಟಕ್ಕೆ ಕೂತಾಗ ಸೈಲಸ್ ಕೆಣಕುತ್ತಿದ್ದ: "ಏನೇ, ನಿನ್ನ ಮೊದಲ್ನೇ ಗಂಡ ಇದಕ್ಕಿಂತ ಜಾಸ್ತಿ ಮೇಯ್ತಿದ್ನಾ?" ಅವಳೂ ಬಿಡುತ್ತಿರಲಿಲ್ಲ: "ಅವ್ನು ಇಷ್ಟು ಒದರ್ತಿರಲಿಲ್ಲ." ಆಮೇಲೆ ಹೊಳೆ ಉಕ್ಕಿ ಜೋಳ ಕೊಳೆಯಿತು, ಹಂದಿಗಳು ತೇಲಿಹೋದವು, ಮನೆಯೊಳಗೆ ರಮ್ಮಿನ ಪೀಪಾಯಿ ಬಂತು. ಅದೇ ಮಾತಿಗೆ ಅವಳು ಅದೇ ಉತ್ತರ ಕೊಟ್ಟ ಒಂದು ದಿನ ಅವನು ತಟ್ಟೆ ಎತ್ತಿ ಅವಳ ಮುಖಕ್ಕೆ ಬೀಸಿದ. ಎಡಹುಬ್ಬಿನ ಮೇಲೆ ಸೀಳಿತು. ಮೊದಲ ಏಟೇ ಕಷ್ಟ, ಮುಂದಿನವು ಸಲೀಸು. ಸೈಲಸ್‌ಗೆ ಬೇಗ ರೂಢಿಯಾಯಿತು.

ಹಳ್ಳದ ಆಚೆ ಡಾರ್ಕಸ್ ಎಂಬ ಮುದುಕಿಯ ಗುಡಿಸಲು. ನಲವತ್ತು ವರ್ಷದ ಹಿಂದೆ ಕೈದಿಯಾಗಿ ಬಂದವಳು, ಕಾನೂನೆಲ್ಲ ಬಲ್ಲವಳು. ಅದರ ಕೈಯಲ್ಲಿ ಪೆಟ್ಟು ತಿಂದು ತಿಂದೇ ಕಲಿತದ್ದು. ಒಂದು ಮಧ್ಯಾಹ್ನ ನೋರಿ ಎರಡು ವರ್ಷದ ಎಸ್ತಿಯನ್ನು ಸೊಂಟಕ್ಕೆ ಹಾಕಿಕೊಂಡು ಅಲ್ಲಿಗೆ ಓಡಿದಳು. ಧಣಿಯ ಅಪ್ಪಣೆಯಿಲ್ಲದೆ ಮನೆ ಬಿಟ್ಟಳೆಂದು ಸೈಲಸ್ ದೂರು ಕೊಟ್ಟ. ಆರು ವಾರ ಫ್ಯಾಕ್ಟರಿಯ ಮೂರನೇ ದರ್ಜೆ: ತಲೆ ಬೋಳಿಸಿ, ಕಲ್ಲು ಒಡೆಯಲು ಕೂರಿಸಿದರು. ಮಗು ಮಡಿಲಲ್ಲೇ ಇತ್ತು. ಬಿಡುವಾಗ ಅಲ್ಲಿಯ ಮೇಲ್ವಿಚಾರಕಿ ಹೇಳಿದಳು, "ಮೂರು ತುಂಬಿದ ಮಕ್ಕಳನ್ನ ಇಲ್ಲಿಟ್ಕೊಳಲ್ಲಮ್ಮ. ಮುಂದಿನ ಸಲ ಬಂದ್ರೆ ಇವಳು ಅನಾಥಶಾಲೆಗೆ."

ಅಂದಿನಿಂದ ನೋರಿಗೆ ಬೇರೆ ಯೋಚನೆಯೇ ಇಲ್ಲದಾಯಿತು. ಎಸ್ತಿ ಕೈತಪ್ಪಬಾರದು. ಶಿಕ್ಷೆಯ ಏಳು ವರ್ಷ ತುಂಬುವವರೆಗೆ ಬಾಯಿ ಹೊಲಿದುಕೊಂಡಿದ್ದರೆ ಸಾಕು, ಬಿಡುಗಡೆ ಕಾಗದ ಬರುತ್ತದೆ, ಮಗಳನ್ನು ಎತ್ತಿಕೊಂಡು ನಡೆದುಬಿಡಬಹುದು. ಅವಳು ಬಾಯಿ ಹೊಲಿದುಕೊಂಡಳು. ಕಲ್ಲೂ ಕರಗುವಂಥ ಸಹನೆ ಅದು, ಸೈಲಸ್ ಕರಗಲಿಲ್ಲ.

ಕಾಗದ ಬಂದ ದಿನ ಗುಮಾಸ್ತ ಅವಳನ್ನು ಅಳೆದು ನೋಡಿ ಬರೆದುಕೊಂಡ: ಎತ್ತರ ಐದಡಿ, ಕಣ್ಣು ಬೂದಿ ಬಣ್ಣ, ಎಡಹುಬ್ಬಿನ ಮೇಲೆ ಗಾಯದ ಕಲೆ. ಕಲೆ ಹೇಗಾಯಿತು ಎಂದು ಕೇಳಲಿಲ್ಲ. ಅದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.

ಅದೇ ವಾರ ಎಸ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಿಡ್ನಿಯ ದಾರಿ ಹಿಡಿದಳು. ಮೂರನೇ ದಿನ ಸೈಲಸ್ ಕೊಟ್ಟ ದೂರು ಹಿಡಿದು ದೋಣಿ ಕಡವಿನಲ್ಲಿ ಕಾನ್‌ಸ್ಟೇಬಲ್ ಅಡ್ಡ ನಿಂತ. ಅವಳ ಬಿಡುಗಡೆ ಕಾಗದವನ್ನು ಎರಡು ಸಲ ಓದಿದ. ಕೆಟ್ಟವನಲ್ಲ ಪಾಪ.

"ನಿನ್ನನ್ನ ತಡೆಯೋ ಹಾಗಿಲ್ಲ ತಾಯಿ, ನೀನು ಎಲ್ಲಿ ಬೇಕಾದ್ರೂ ಹೋಗ್ಬೋದು," ಎಂದ. "ಮಗು ಮಾತ್ರ ಕೊಡು. ಅದು ಅಪ್ಪಂದು."

"ಹೆತ್ತಿದ್ದು ನಾನು."

"ಹೌದು. ಆದ್ರೆ ಮದ್ವೇಲಿ ಹುಟ್ಟಿದ್ದು. ಕಾನೂನು ಹಂಗೈತೆ."

ಮಗುವನ್ನು ಕುದುರೆಯ ಮೇಲೆ ಕೂರಿಸಿಕೊಂಡು ಅವನು ಹಿಂದಕ್ಕೆ ಹೊರಟ. ಸ್ವತಂತ್ರ ಹೆಂಗಸು ನೋರಿ ಲೇಹಿ ಕುದುರೆಯ ಹಿಂದೆ ಧೂಳಿನಲ್ಲಿ ನಡೆದು ಬಂದಳು.

ಆ ದಿನ ಸೈಲಸ್ ಅವಳ ಮೇಲೆ ಕೈ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ಮಗಳನ್ನು ಇಳಿಸಿಕೊಂಡ. "ಇಷ್ಟು ವರ್ಷ ದಂಡಕ್ಕೆ ಕೈ ನೋಯಿಸ್ಕೊಂಡೆ," ಎಂದ. "ನಿಂಗೆ ಎಲ್ಲಿ ಹೊಡೆದ್ರೆ ನೋವಾಗುತ್ತೆ ಅಂತ ಈಗ ಗೊತ್ತಾಯ್ತು."

ಅಲ್ಲಿಂದ ಮುಂದೆ ರೊಟ್ಟಿ ಸೀದರೆ ಏಟು ಎಸ್ತಿಗೆ. ಹಸು ಒದ್ದರೆ ಏಟು ಎಸ್ತಿಗೆ. ನೋರಿ ನಡುವೆ ಬಿದ್ದರೆ ಇನ್ನೆರಡು ಹೆಚ್ಚು, ಅವೂ ಎಸ್ತಿಗೇ. ಹೀಗಾಗಿ ತಾಯಿ ದೂರ ನಿಂತು ನೋಡುವುದನ್ನು ಕಲಿಯಬೇಕಾಯಿತು. ಇದನ್ನು ಬರೆಯುವಾಗಲೇ ನನ್ನ ಮೈ ಉರಿಯುತ್ತದೆ. ನೋಡಿದವಳಿಗೆ ಹೇಗಾಗಿರಬೇಕು! ಎಸ್ತಿಗೆ ಆರು ತುಂಬಿದ ತಿಂಗಳು ಅವಳ ಬಲಗೈ ಮುರಿಯಿತು. ಡಾರ್ಕಸ್ ಮರದ ತೊಗಟೆಯ ಪಟ್ಟಿ ಇಟ್ಟು ಕಟ್ಟಿದಳು. ಹುಡುಗಿ ಕಿರುಚಲಿಲ್ಲ, ಮುದುಕಿಗೆ ಅದೇ ಹೆದರಿಕೆಯಾಯಿತು.

ಎಸ್ತಿಗೆ ನಿದ್ದೆ ಹತ್ತಿದ ಮೇಲೆ ಇಬ್ಬರೂ ಅಂಗಳದಲ್ಲಿ ಜೋಳದ ತೆನೆ ಸುಲಿಯುತ್ತಾ ಕೂತರು.

"ಅಜ್ಜಿ, ಮಗು ಅಪ್ಪಂದು ಆಗದೆ ಇರ್ಬೇಕಾದ್ರೆ ಏನ್ ಮಾಡ್ಬೇಕು?" ಎಂದು ಕೇಳಿದಳು ನೋರಿ.

"ಮದ್ವೇಲಿ ಹುಟ್ಟಿರಬಾರ್ದು. ನಂಗೆ ಮೂರು ಹುಟ್ಟಿದ್ವಲ್ಲ, ಒಂದಕ್ಕೂ ಮದ್ವೆ ಇಲ್ಲ. ಊರೆಲ್ಲ ಹಾದರದ ಕೂಸು ಅಂತು. ಅನ್ಲಿ. ಯಾವ ಗಂಡ್ಸೂ ನನ್ನ ಮಡಿಲಿಂದ ಕಿತ್ಕೊಳಕ್ಕೆ ಬರಲಿಲ್ಲ. ಜ್ವರ ಬಂದು ಕಿತ್ಕೊಂಡೋಯ್ತು, ಅದು ಬೇರೆ ಮಾತು."

ನೋರಿ ಎರಡು ತೆನೆ ಸುಲಿದಳು. "ನಂಗೆ ಮೊದ್ಲೇ ಒಬ್ಬ ಗಂಡ ಇದ್ದ ಅಜ್ಜಿ."

"ಇದ್ದ ಇದ್ದ. ನಾಲ್ಕು ಕಾಲಿಂದು," ಎಂದು ಮುದುಕಿ ನಕ್ಕಳು. ಆಮೇಲೆ ಅವಳ ನಗು ನಿಂತಿತು. ತೆನೆ ಕೆಳಗಿಟ್ಟಳು. "ಅಯ್ಯೋ ಹುಡುಗಿ. ಏನ್ ಹೇಳ್ತಿದೀಯ ಗೊತ್ತಾ?"

"ಹಡಗಿನ ಪಟ್ಟೀಲಿ ಅವನು ಬದುಕೇ ಇದಾನೆ. ಸತ್ತ ಅಂತ ಕಾಗದ ತಂದಿದ್ದು ಸೈಲಸ್. ಆ ಕಾಗದ ಸುಳ್ಳು ಅಂತ ನಾನು ಹೇಳಿದ್ರೆ?"

"ಹೇಳಿದ್ರೆ ನೀನು ಗಂಡ ಬದುಕಿರೋವಾಗ್ಲೇ ಇನ್ನೊಬ್ಬನ್ನ ಕಟ್ಕೊಂಡೋಳು. ಮದ್ವೆ ಮದ್ವೆಯಲ್ಲ. ಎಸ್ತಿ ನಿನ್ನವಳೇ. ಆದ್ರೆ ನಿನ್ನನ್ನ ಬಿಡ್ತಾರಾ? ಮೂರು ವರ್ಷನೋ ಐದು ವರ್ಷನೋ ಮತ್ತೆ ಒಳಗೆ ಹಾಕ್ತಾರೆ. ಅವಳು ಅನಾಥಶಾಲೆಗೆ ಹೋಗ್ತಾಳೆ. ಸಾಯೋವರ್ಗೂ ಹಾದರಕ್ಕೆ ಹುಟ್ಟಿದವಳು ಅನ್ನೋ ಹೆಸ್ರು ಅವಳಿಗೆ. ಅದೂ ಅಲ್ದೆ ಬೈಬಲ್ಲಿಗೆ ಮುತ್ತಿಟ್ಟು ಸುಳ್ಳು ಹೇಳ್ಬೇಕು ನೀನು. ನರಕಕ್ಕೆ ಹೋಗ್ತೀಯ ಕಣೆ."

"ಹೋಗ್ತೀನಿ. ಎಸ್ತಿ ಅಲ್ಲಿರಲ್ಲವಲ್ಲ."

ಯಾವ ಅನಾಥಶಾಲೆಯ ಹೆಸರು ಕೇಳಿ ನಾಲ್ಕು ವರ್ಷ ಉಸಿರು ಬಿಗಿಹಿಡಿದಿದ್ದಳೋ ಅದೇ ಈಗ ಅವಳಿಗೆ ಆಸರೆಯಾಗಿ ಕಂಡಿತು. ಅಲ್ಲಿ ಗಂಜಿ ಕೊಡುತ್ತಾರೆ, ಸೈಲಸ್ ಇರುವುದಿಲ್ಲ, ಒಂದು ದಿನ ಬಿಡಿಸಿಕೊಂಡು ಬರಬಹುದು. ಅದಕ್ಕಿಂತ ಹೆಚ್ಚಿನ ಲೆಕ್ಕ ಅವಳು ಹಾಕಲಿಲ್ಲ.

ನೋರಿ ತಾನೇ ಹೋಗಿ ತನ್ನ ಮೇಲೆ ದೂರು ಬರೆಸಿದಳು. ವಿಚಾರಣೆಯ ದಿನ ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಸಂತೆಯ ದಿನ, ಪುಕ್ಕಟೆ ತಮಾಷೆ. ನೋರಿ ಪುಸ್ತಕಕ್ಕೆ ಮುತ್ತಿಟ್ಟಳು. ಊರಿನ ಪಾದ್ರಿ, ತಾಯಿ, ಕನ್ಯೆ ಮೇರಿ ಎಲ್ಲರೂ ಎದುರಿಗೆ ಬಂದು ನಿಂತ ಹಾಗಾಯಿತು. ಅವರ ಹಿಂದೆ ತೊಗಟೆ ಕಟ್ಟಿದ ಕೈ ಹಿಡಿದುಕೊಂಡು ಎಸ್ತಿ ನಿಜವಾಗಿಯೇ ನಿಂತಿದ್ದಳು, ಡಾರ್ಕಸ್‌ಳ ಪಕ್ಕದಲ್ಲಿ.

"ನಾನು ಬರುವಾಗ ನನ್ನ ಗಂಡ ಡಾರ್ಬಿ ಬದುಕಿದ್ದ ದೊರೆ. ಸತ್ತ ಸುದ್ದಿ ನಂಗೆ ಯಾರೂ ಹೇಳಿಲ್ಲ. ಆ ಕಾಗದ ಸುಳ್ಳು."

ಮ್ಯಾಜಿಸ್ಟ್ರೇಟ್ ಪಾದ್ರಿಯ ಕಡತದಿಂದ ಕಾಗದ ತರಿಸಿದ. ಒಂದು ಸಾಲು ಓದುವಷ್ಟರಲ್ಲಿ ಅವನ ಹುಬ್ಬು ಮೇಲೇರಿತು. ವಾರಕ್ಕೆ ಹತ್ತು ಅರ್ಜಿ ಅದೇ ಕೈಬರಹದಲ್ಲಿ ಅವನ ಮೇಜಿಗೇ ಬರುತ್ತಿದ್ದವು. ಐರ್ಲೆಂಡಿನಲ್ಲಿ ಸತ್ತ ಹಮಾಲಿಯ ಸುದ್ದಿಯನ್ನು ತನ್ನ ಕೋರ್ಟಿನ ಜಗಲಿಯ ಮೇಲೆ ಕೂತು ಬರೆದದ್ದು ಹೇಗೆ ಎಂದು ಕೇಳಲು ಆ ಬರೆದವನು ಬದುಕಿರಲಿಲ್ಲ, ಹಿಂದಿನ ವರ್ಷವೇ ರಮ್ಮು ಅವನನ್ನು ಮುಗಿಸಿತ್ತು.

ಸೈಲಸ್ ಬೆಂಚಿನಿಂದ ಎದ್ದು ಕೂಗಿದ: "ಸುಳ್ಳಿ! ಅವಳಿಗೆ ಯಾವ ಗಂಡನೂ ಇರಲಿಲ್ಲ ದೊರೆ! ಡಾರ್ಬಿ ಅನ್ನೋದು ಕತ್ತೆ! ಅವಳ ಬೀದಿ ಕತ್ತೆ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಮ್ಯಾಜಿಸ್ಟ್ರೇಟ್ ನಗಲಿಲ್ಲ.

"ಓಹೋ. ನಿನಗೆ ಇದು ಮೊದಲೇ ಗೊತ್ತಿತ್ತು. ಹಾಗಾದರೆ ಕತ್ತೆ ಜ್ವರ ಬಂದು ಸತ್ತು ಹೆಂಡತಿಯನ್ನ ಕ್ಷಮಿಸಿತು ಅಂತ ಸರ್ಕಾರಕ್ಕೆ ಕಾಗದ ಬರೆಸಿಕೊಟ್ಟವರು ಯಾರು?"

ಖೊಟ್ಟಿ ಕಾಗದಕ್ಕೆ ಆ ಕಾಲದಲ್ಲಿ ಏನು ಶಿಕ್ಷೆ ಎಂಬುದು ಸೈಲಸ್‌ಗೆ ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ ಬಿಸಿತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ. ಡಾರ್ಬಿ ಇರಲೇ ಇಲ್ಲ ಎಂದರೆ ತಾನು ಜೈಲಿಗೆ. ಇದ್ದ ಎಂದರೆ ಹೆಂಡತಿಯೂ ಮಗಳೂ ತನ್ನವರಲ್ಲ. ಅವನು ನೋರಿಯ ಕಡೆ ನೋಡಿದ. ಅವಳ ನೋಟ ಅವನ ಕಣ್ಣು ಬಿಟ್ಟು ಅತ್ತಿತ್ತ ಹೊರಳಲಿಲ್ಲ.

"ಕೋಪದಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ದೊರೆ," ಎಂದ ಸೈಲಸ್ ತಲೆ ತಗ್ಗಿಸಿ. "ಕಾಗದ ಅವಳೇ ಕೊಟ್ಟಿದ್ದು. ನಾನು ನಂಬಿ ಮೋಸ ಹೋದೆ."

ಫ್ಯಾಕ್ಟರಿಯ ಗೋಡೆಯೊಳಗಿದ್ದ ಹೆಂಗಸು ಪೇಟೆಯ ಜಗಲಿಗೆ ಬಂದು ಕಾಗದ ಬರೆಸಿದ್ದು ಹೇಗೆ ಎಂದು ಮ್ಯಾಜಿಸ್ಟ್ರೇಟ್ ಕೇಳಬಹುದಿತ್ತು. ಕೇಳಲಿಲ್ಲ. ಮೂವತ್ತು ಎಕರೆಯ ಗಂಡಸು ಮೋಸ ಹೋದೆ ಎಂದರೆ ನಂಬುವುದು ಸುಲಭ. ನೋರಿಯನ್ನು ಮೇಲಿನ ಕೋರ್ಟಿಗೆ ಕಳಿಸಿದ. ಅಲ್ಲಿ ಮದುವೆ ಅನೂರ್ಜಿತವಾಯಿತು, ಇಬ್ಬರು ಗಂಡಂದಿರ ಹೆಂಡತಿಗೆ ಮೂರು ವರ್ಷ ಫ್ಯಾಕ್ಟರಿಯಾಯಿತು. ಮಗುವಿನ ಹೆಸರಿನ ಮುಂದೆ ತಂದೆಯ ಜಾಗದಲ್ಲಿ ಗುಮಾಸ್ತ ಒಂದು ಗೀಟು ಎಳೆದ.

ಫ್ಯಾಕ್ಟರಿಯ ಗಾಡಿ ಹತ್ತುವಾಗ, ಅನಾಥಶಾಲೆಗೆ ಹೊರಟಿದ್ದ ಎಸ್ತಿಗೆ ನೋರಿ ಹೇಳಿದ್ದು ಇಷ್ಟೇ: "ಇನ್ಮೇಲೆ ನಿನ್ನ ಯಾರೂ ಹೊಡೆಯಲ್ಲ ಕಂದ. ನಾನು ಬರ್ತೀನಿ." ಎಸ್ತಿ ತಲೆಯಾಡಿಸಿದಳು. ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವಳಿಗೆ ಅಭ್ಯಾಸವಾಗಿತ್ತು.

ಎರಡನೇ ವರ್ಷ ಫ್ಯಾಕ್ಟರಿಗೆ ಸೈಲಸ್ ಪ್ರೌಟ್ ಮತ್ತೆ ಬಂದ. ಈಗ ಅವನು ಮದುವೆಯಾಗದ ಗಂಡಸು, ಅಪ್ಪಣೆ ಚೀಟಿಯೂ ಇತ್ತು. ನೋರಿ ಕೊಟ್ಟ ಬಿಡುಗಡೆ ಅವನಿಗೂ ದಕ್ಕಿತ್ತು. ಆರಿಸಿದ್ದು ಇಪ್ಪತ್ತರ ಒಬ್ಬ ನಗುಮುಖದ ಹುಡುಗಿಯನ್ನು. ಬಟ್ಟೆ ಒಗೆಯುವ ಕಡೆ ಅವಳು ಸಿಕ್ಕಾಗ ನೋರಿ ಮೆಲ್ಲಗೆ ಹೇಳಿದಳು, "ಬೇಡ ಕಣವ್ವ. ಹೊಡೆಯೋದ್ರಲ್ಲಿ ಅವನ ಕೈ ಮುಂದು." ಹುಡುಗಿ ಸೋಪಿನ ನೊರೆ ಕೊಡವಿ ನಕ್ಕಳು: "ಇಲ್ಲಿರೋರ ಕೈಗಿಂತ್ಲಾ ಅಕ್ಕ?" ಆ ವಾರವೇ ಗಾಡಿ ಹತ್ತಿ ಹೋದಳು. ಆ ಪಾಪವೂ ತನ್ನ ತಲೆಗೇ ಎಂದುಕೊಂಡಳು ನೋರಿ, ಬಹಳ ದಿನ ಅದನ್ನೇ ನೆನೆದು ಅತ್ತಳು. ಆದರೆ ಎಸ್ತಿ ಅವನ ಮನೆಯಲ್ಲಿಲ್ಲ ಎಂದು ನೆನೆದಾಗ ಅಳು ನಿಲ್ಲುತ್ತಿತ್ತು. ಅಷ್ಟರ ಮಟ್ಟಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

ಮೂರು ವರ್ಷ ತುಂಬಿದ ದಿನ ಫ್ಯಾಕ್ಟರಿಯ ಬಾಗಿಲಿನಿಂದ ನೇರ ಅನಾಥಶಾಲೆಗೆ ನಡೆದಳು. ಒಂದೂವರೆ ಮೈಲಿ ದಾರಿ. ಅಪ್ಪನ ಒಪ್ಪಿಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಅಪ್ಪನೇ ಇರಲಿಲ್ಲ. ಸಹಿಯ ಜಾಗದಲ್ಲಿ ಗುರುತು ಹಾಕಿಸಿಕೊಂಡು ಮೇಡಂ ಒಬ್ಬಳು ಒಳಗೆ ಕರೆದಳು.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು ಗೋಡೆಯ ಪಕ್ಕ ನಿಂತಳು. ಕತ್ತರಿಸಿದ ಕೂದಲು, ಬೂದು ಅಂಗಿ, ಸ್ವಲ್ಪ ಸೊಟ್ಟಗೆ ಕೂಡಿಕೊಂಡ ಬಲಗೈ. ಗುರುತು ಹತ್ತಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ನೋರಿ ಬಾ ಎನ್ನುವಂತೆ ಕೈ ಮುಂದೆ ಚಾಚಿದಳು.

ಹುಡುಗಿ ತಕ್ಷಣ ಎರಡೂ ಅಂಗೈಗಳನ್ನು ಮೇಲಾಗಿ ಒಡ್ಡಿ ನಿಂತಳು.

"ಎಷ್ಟು, ಅಮ್ಮಾವ್ರೇ?" ಎಂದು ಕೇಳಿದಳು.

ನೋರಿಗೆ ಅರ್ಥವಾಗಲಿಲ್ಲ. ಮೇಡಂ ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದಳು, "ಎಷ್ಟು ಏಟು ಅಂತ ಕೇಳ್ತಿದಾಳೆ. ಒಳ್ಳೆ ಹುಡುಗಿ, ಹೇಳಿಸಿಕೊಳ್ಳದೆ ಕೈ ಒಡ್ತಾಳೆ."

"ಒಂದೂ ಇಲ್ಲ," ಎಂದಳು ನೋರಿ. "ಒಂದೂ ಇಲ್ಲ ಕಂದ. ನಾನು ನಿಮ್ಮಮ್ಮ."

ಎಸ್ತಿ ತಲೆಯಾಡಿಸಿದಳು. ಕೈ ಇಳಿಸಲಿಲ್ಲ.